ಮೂರನೇ ಕಂಪ್ಯೂಟರಿಗೆ ಒಂದು ಎಡಿಟರ್

2023ರ ಮೇ 13, ಶನಿವಾರ, ಕರ್ನಾಟಕ ವಿಧಾನಸಭೆಯ 224 ಕ್ಷೇತ್ರಗಳ ಮತ ಎಣಿಕೆ ನಡೆಯಿತು. ಅದಕ್ಕೆ ಮೊದಲಿನ ಒಂದೂವರೆ ತಿಂಗಳಲ್ಲಿ ಜಯನಗರ ನಾಲ್ಕನೇ ಬ್ಲಾಕಿನ ಒಂದು ಎರಡನೇ ಮಹಡಿಯಲ್ಲಿ ಇನ್ನೊಂದು ಚುನಾವಣೆ ನಡೆಯಿತು. ಕಣದಲ್ಲಿ ಇದ್ದವು ಮೂರು: ವಿಮ್, ಇಮ್ಯಾಕ್ಸ್, ವಿಎಸ್ ಕೋಡ್. ಮೊದಲ ಚುನಾವಣೆಯ ಫಲಿತಾಂಶ ಎಲ್ಲರಿಗೂ ಗೊತ್ತು. ಎರಡನೆಯದರ ವರದಿ ಎಲ್ಲಿಯೂ ಬಂದಿಲ್ಲ. ಅದರ ಚುನಾವಣಾಧಿಕಾರಿ ನಾನೇ ಆಗಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನೆನಪಾದದ್ದು ಕಳೆದ ಶುಕ್ರವಾರ, ಗಂಜಿಯ ವಾಸನೆಯಿಂದ. ಮನೆಯಾಕೆಯ ಎರಡು ರೇಷ್ಮೆ ಸೀರೆಗಳನ್ನು ರೋಲ್ ಪಾಲಿಶ್‌ಗೆ ಕೊಡಲು ತ್ಯಾಗರಾಜನಗರದಿಂದ ನಾಲ್ಕನೇ ಬ್ಲಾಕಿಗೆ ಹೋಗಿದ್ದೆ. ಅಂಗಡಿಯ ಬಿಸಿ ರೋಲರ್ ತಿರುಗುತ್ತಿತ್ತು. ಬೆಂದ ಗಂಜಿ ಮತ್ತು ಬಿಸಿ ರೇಷ್ಮೆ ಸೇರಿದ ಆ ವಾಸನೆ ಮೂಗಿಗೆ ಬಂದ ಕೂಡಲೇ ನನ್ನ ತಲೆಯಲ್ಲಿ ಯಾರೋ ಕ್ಷೇತ್ರಗಳ ಹೆಸರನ್ನು ಗಟ್ಟಿಯಾಗಿ ಓದತೊಡಗಿದರು. ಔರಾದ್, ಬೀದರ್, ಭಾಲ್ಕಿ. ಓದುತ್ತಿದ್ದದ್ದು ನನ್ನದೇ ದನಿ.

ಅದೇ ಕಟ್ಟಡದ ಕೆಳಗೆ ಪಾಲಿಶ್ ಅಂಗಡಿ, ಮೊದಲ ಮಹಡಿಯಲ್ಲಿ ಹಲ್ಲಿನ ಡಾಕ್ಟರು, ಅದರ ಮೇಲೆ ನಮ್ಮ ಕಚೇರಿ. ಕನ್ನಡ ಸುದ್ದಿಯ ಸಣ್ಣ ಜಾಲತಾಣ ನಮ್ಮದು. ನಾನು ಅಲ್ಲಿ ಸುದ್ದಿ ಸಂಪಾದಕನಾಗಿದ್ದೆ. ಬದುಕಿನ ಬಹುಭಾಗವನ್ನು ಅಚ್ಚಿನ ಪತ್ರಿಕೆಗಳಲ್ಲಿ ಕಳೆದು, ಕೊನೆಯ ಕೆಲವು ವರ್ಷಕ್ಕೆ ಅಲ್ಲಿಗೆ ಬಂದವನು. ಪ್ರೋಗ್ರಾಮಿಂಗ್ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.

ಗೊತ್ತಿದ್ದವರು ಮೂವರು ಕಿಟಕಿ ಪಕ್ಕದ ಸಾಲಿನಲ್ಲಿ ಕೂರುತ್ತಿದ್ದರು. ಹಿರಿಯರು ಶಿವಪ್ರಕಾಶ್. ತಿಪಟೂರಿನ ಕಡೆಯ ಲಿಂಗಾಯತ ಮನೆತನ, ವಸಂತಪುರದಲ್ಲಿ ಮನೆ, ಹಣೆಯಲ್ಲಿ ದಿನವೂ ವಿಭೂತಿ. ಅವರ ಪಕ್ಕ ಗೌತಮಿ. ಜೆ.ಪಿ. ನಗರ ಎಂಬ ಹೆಸರು ಹುಟ್ಟುವ ಮೊದಲಿನಿಂದ ಜರಗನಹಳ್ಳಿಯಲ್ಲಿರುವ ಬೌದ್ಧ ಕುಟುಂಬದವರು. ಮೂರನೆಯವಳು ಸಹನಾ. ದಾವಣಗೆರೆಯವಳು, ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದಳು. ಕೆಲಸಕ್ಕೆ ಸೇರಿ ಆರು ತಿಂಗಳಾಗಿರಲಿಲ್ಲ, ಇನ್ನೂ ಕಾಯಂ ಆಗಿರಲಿಲ್ಲ.

ಮಾರ್ಚ್ ಕೊನೆಯಲ್ಲಿ ಚುನಾವಣೆಯ ದಿನಾಂಕ ಪ್ರಕಟವಾಯಿತು. ಮಾರನೆಯ ದಿನ ಸಹನಾ ಒಂದು ಪುಟ ಮಾಡಿ ತಂದು ನನಗೆ ತೋರಿಸಿದಳು. ಕರ್ನಾಟಕದ ನಕ್ಷೆ, ಅದರಲ್ಲಿ ಎಲ್ಲ ಕ್ಷೇತ್ರಗಳು. ಬೆರಳಿಟ್ಟರೆ ಹಿಂದಿನ ಚುನಾವಣೆಯ ಅಭ್ಯರ್ಥಿಗಳ ಹೆಸರು, ಮತ, ಮುನ್ನಡೆ, ಎಲ್ಲವೂ ಅಚ್ಚುಕಟ್ಟಾದ ಕನ್ನಡದಲ್ಲಿ. ಯಾರೂ ಕೇಳಿರಲಿಲ್ಲ, ಅವಳಾಗಿ ಮಾಡಿದ್ದಳು. ನಾನು ನಕ್ಷೆಯನ್ನು ಬೀದರಿನಿಂದ ಚಾಮರಾಜನಗರದವರೆಗೆ ಒಂದೊಂದಾಗಿ ಮುಟ್ಟಿ ನೋಡಿದೆ. ಊಟದ ಹೊತ್ತು ಮೀರಿದ್ದು ಗೊತ್ತಾಗಲಿಲ್ಲ.

ಮ್ಯಾನೇಜರ್ ವಿಶ್ವನಾಥ್ ಅವರೂ ನೋಡಿದರು. "ಚೆನ್ನಾಗಿದೆ ಕಣ್ರೀ. ಆದ್ರೆ ಎಣಿಕೆ ದಿನ ಒಂದು ತಪ್ಪು ಹೋದ್ರೆ ಮುಗೀತು. ಹೊರಗಡೆ ರೆಡಿ ಪುಟ ಸಿಗತ್ತೆ, ಕೊಂಡ್ಕೊಂಡ್ಬಿಡೋಣ."

"ಅದ್ರಲ್ಲಿ ಕ್ಷೇತ್ರದ ಹೆಸರೆಲ್ಲ ಇಂಗ್ಲಿಷಲ್ಲಿರತ್ತೆ ಸಾರ್," ಎಂದೆ.

"ತಪ್ಪಿಲ್ದೆ ಇರತ್ತಲ್ಲ?"

ಆಮೇಲೆ ನನ್ನನ್ನು ಒಬ್ಬನನ್ನೇ ಕರೆದು ಉಳಿದದ್ದನ್ನು ಹೇಳಿದರು. ಪುಟ ಹೊರಗಿನಿಂದ ಬಂದರೆ ಮೂರನೆಯ ಪ್ರೋಗ್ರಾಮರಿಗೆ ಕೆಲಸವಿಲ್ಲ. ಸಹನಾಳನ್ನು ಏಪ್ರಿಲ್ ಕೊನೆಗೆ ಕಳಿಸಬೇಕಾಗುತ್ತದೆ. ಪುಟ ನಮ್ಮಲ್ಲೇ ಉಳಿಯಬೇಕಾದರೆ ಅಷ್ಟರೊಳಗೆ ಒಂದು ಅಣಕು ಎಣಿಕೆ ಮಾಡಿ ತೋರಿಸಬೇಕು, ಅದರಲ್ಲಿ ಒಂದೂ ತಪ್ಪು ಇರಬಾರದು. ನಾನು ಇದನ್ನು ಮೂವರಿಗೂ ಹಾಗೆಯೇ ತಿಳಿಸಿದೆ. ಸುದ್ದಿಯನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ.

ಸಹನಾ ಕೇಳಿಸಿಕೊಂಡು, "ಸರಿ ಸಾರ್, ಯಾವಾಗಿಂದ ಪ್ರಾಕ್ಟೀಸು?" ಎಂದಳು.

ಫಲಿತಾಂಶಗಳೆಲ್ಲ ಒಂದೇ ಕಡತದಲ್ಲಿ ಇರುತ್ತಿದ್ದವು. ಆ ಕಡತವನ್ನು ಜಾಲತಾಣಕ್ಕೆ ಕಳಿಸಲು ಕಚೇರಿಯ ಒಂದೇ ಕಂಪ್ಯೂಟರಿಗೆ ಅನುಮತಿ. ಗೋಡೆ ಬದಿಯ ಸಾಲಿನಲ್ಲಿ ಮೂರನೆಯದು ಅದು. ಎಲ್ಲರೂ ಮೂರನೇ ಕಂಪ್ಯೂಟರ್ ಎನ್ನುತ್ತಿದ್ದರು. ಬೆಳಿಗ್ಗೆಯಿಂದ ಫಲಿತಾಂಶ ಮುಗಿಯುವವರೆಗೆ ಒಬ್ಬರೇ ಟೈಪ್ ಮಾಡಲು ಆಗುವುದಿಲ್ಲವಾದ್ದರಿಂದ ಮೂವರೂ ಸರದಿಯ ಮೇಲೆ ಅದೇ ಕುರ್ಚಿಯಲ್ಲಿ ಕೂರಬೇಕಿತ್ತು. ಕಡತ ಒಂದು, ಕುರ್ಚಿ ಒಂದು. ಎಡಿಟರ್ ಮಾತ್ರ ಮೂರು.

ಪ್ರೋಗ್ರಾಮರು ಬರೆಯುವ, ತಿದ್ದುವ, ಅಳಿಸುವ ಕಿಟಕಿಗೆ ಎಡಿಟರ್ ಎನ್ನುತ್ತಾರೆ. ಶಿವಪ್ರಕಾಶ್ ಅವರದು ವಿಮ್. ಅದರಲ್ಲಿ ಕೀಲಿಮಣೆಗೆ ಎರಡು ಅವಸ್ಥೆ: ಒಂದರಲ್ಲಿ ಒತ್ತಿದ ಅಕ್ಷರ ಪರದೆಯ ಮೇಲೆ ಮೂಡುತ್ತದೆ, ಇನ್ನೊಂದರಲ್ಲಿ ಅದೇ ಅಕ್ಷರ ಆಜ್ಞೆಯಾಗುತ್ತದೆ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗಲು ಎಸ್ಕೇಪ್ ಕೀಲಿ, ಮೌಸ್ ಬೇಕಿಲ್ಲ. ಬರೆದದ್ದನ್ನು ಉಳಿಸಿ ಹೊರಬರಲು ಕೋಲನ್, ಡಬ್ಲ್ಯೂ, ಕ್ಯೂ ಒತ್ತಬೇಕು. ಗೌತಮಿಯವರದು ಇಮ್ಯಾಕ್ಸ್. ಅದಕ್ಕೆ ಕಂಟ್ರೋಲ್ ಕೀಲಿ ಹಿಡಿದುಕೊಂಡು ಒತ್ತುವ ಆಜ್ಞೆಗಳ ದೊಡ್ಡ ಸಂಸಾರವೇ ಇದೆ. ಅವರು ಕೋಡ್ ಮಾತ್ರವಲ್ಲ, ಮೇಲ್ ಓದುವುದು, ಮಗಳ ಟೈಮ್‌ಟೇಬಲ್ ಇಡುವುದು ಎಲ್ಲವನ್ನೂ ಅದರೊಳಗೇ ಮಾಡುತ್ತಿದ್ದರು. ಸಹನಾಳದು ವಿಎಸ್ ಕೋಡ್. ನಾವೆಲ್ಲ ಪತ್ರ ಟೈಪ್ ಮಾಡುವ ಕಿಟಕಿಗಳಂತೆಯೇ ಅದು. ಮೌಸ್ ಹಿಡಿದು ಕ್ಲಿಕ್ ಮಾಡಬಹುದು.

"ಮೇಡಂ, ನಿಮ್ಮ ಇಮ್ಯಾಕ್ಸಲ್ಲಿ ಅನ್ನಕ್ಕಿಡಕ್ಕೂ ಬರತ್ತಾ?" ಎಂದು ಶಿವಪ್ರಕಾಶ್ ಕೇಳುತ್ತಿದ್ದರು.

"ಬರತ್ತೆ. ನೀವು ಎಸ್ಕೇಪ್ ಒತ್ತಿ ಒತ್ತಿ ಆ ಕೀ ಮೇಲಿನ ಅಕ್ಷರ ಅಳಿಸಿಹೋಗಿದೆಯಲ್ಲ, ಅದನ್ನ ಮೊದ್ಲು ಬರೆಸ್ಕೊಳಿ."

ಮೊದಲ ಅಭ್ಯಾಸದಲ್ಲೇ ಅನಾಹುತವಾಯಿತು. ಶಿವಪ್ರಕಾಶ್ ಕಡತವನ್ನು ವಿಮ್‌ನಲ್ಲಿ ತೆರೆದು, ಮುಚ್ಚದೆ ಎದ್ದು ಹೋದರು. ಗೌತಮಿ ಬಂದು ಅದನ್ನೇ ಇಮ್ಯಾಕ್ಸ್‌ನಲ್ಲಿ ತೆರೆದು ಹತ್ತಾರು ಸಾಲು ಸೇರಿಸಿ ಉಳಿಸಿದರು. ಶಿವಪ್ರಕಾಶ್ ಮರಳಿ ಬಂದು ತಮ್ಮ ಕಿಟಕಿಯಲ್ಲಿದ್ದ ಹಳೆಯ ಪ್ರತಿಯನ್ನು ಉಳಿಸಿದರು. ಕಡತ ಬದಲಾಗಿದೆ, ಆದರೂ ಉಳಿಸಲೇ ಎಂದು ವಿಮ್ ಕೇಳಿತು. ಅವಸರದಲ್ಲಿ ಹೌದು ಎಂದರು. ಹಳೆ ಮೈಸೂರಿನ ಅರ್ಧ ಭಾಗ ಒಂದು ಸುತ್ತು ಹಿಂದಕ್ಕೆ ಹೋಯಿತು. ಗೆದ್ದಿದ್ದವರೆಲ್ಲ ಮತ್ತೆ ಹಿನ್ನಡೆಯಲ್ಲಿದ್ದರು.

"ಯಾವನ್ರೀ ನನ್ನ ಮಂಡ್ಯ ಅಳಿಸಿದ್ದು?" ಎಂದು ಗೌತಮಿ ಕೂಗಿದ್ದು ಕೆಳಗಿನ ಪಾಲಿಶ್ ಅಂಗಡಿಯವರೆಗೆ ಕೇಳಿಸಿತಂತೆ.

ಅಂದು ಸಂಜೆ ನಿರ್ಧಾರವಾಯಿತು: ಮೂರನೇ ಕಂಪ್ಯೂಟರಿನಲ್ಲಿ ಒಂದೇ ಎಡಿಟರ್ ಇರಬೇಕು. ಯಾವುದು ಎಂಬುದಕ್ಕೆ ಒಮ್ಮತ ಬರಲಿಲ್ಲ. ಶಿವಪ್ರಕಾಶ್ ವೇಗ ಎಂದರು. ಗೌತಮಿ ಶಕ್ತಿ ಎಂದರು. ಸಹನಾ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಪ್ರಾಕ್ಟೀಸಿಗೆ ಉಳಿದ ದಿನ ಎಣಿಸುತ್ತಿದ್ದಳು ಎಂದು ಕಾಣುತ್ತದೆ. ಕೊನೆಗೆ ಮೂವರೂ ನನ್ನ ಕಡೆ ತಿರುಗಿದರು.

"ಸಾರ್, ನೀವೇ ಅಂಪೈರು. ನಿಮಗೆ ಏನೂ ಗೊತ್ತಿಲ್ಲ, ಅದಕ್ಕೇ," ಎಂದರು ಶಿವಪ್ರಕಾಶ್. ಆ ಕಾಲದಲ್ಲಿ ನನಗೆ ಸಿಕ್ಕ ಗೌರವಗಳಲ್ಲಿ ಇದೂ ಒಂದು.

ಪಂದ್ಯ ಶನಿವಾರ ಎಂದು ಗೊತ್ತುಮಾಡಿದೆ. ಏಪ್ರಿಲ್ ಬಿಸಿಲು ಏರಿತ್ತು. ಹೊಂಗೆ ಹೂವು ಉದುರಿ ಕೆಳಗೆ ನಿಲ್ಲಿಸಿದ್ದ ಸ್ಕೂಟರುಗಳ ಸೀಟು ಕಾಣುತ್ತಿರಲಿಲ್ಲ. ಸುದ್ದಿ ಡೆಸ್ಕಿನವರೆಲ್ಲ ಕುರ್ಚಿ ಎಳೆದುಕೊಂಡು ಬಂದು ಕೂತರು. ಸೋತವರು ಎಲ್ಲರಿಗೂ ಕಬ್ಬಿನ ಹಾಲು ಕುಡಿಸಬೇಕು ಎಂದಾಯಿತು. ಪಾಲಿಶ್ ಅಂಗಡಿಯ ಜಯಮ್ಮ ರೋಲರ್ ಆರಿಸಿ, ಬೆವರು ಒರೆಸಿಕೊಳ್ಳುತ್ತ ಮೇಲೆ ಬಂದರು. "ಅದೇನ್ ಸಾರ್, ಟೈಪಿಂಗ್ ಎಕ್ಸಾಮಾ?" ಎಂದರು. ಹೆಚ್ಚುಕಡಿಮೆ ಹಾಗೆಯೇ ಎಂದೆ.

ನಿಯಮ ನನ್ನದು. ಹಳೆಯ ಅಚ್ಚುಮನೆಗಳಲ್ಲಿ ಕರಡು ತಿದ್ದುವವನ ಪಕ್ಕದಲ್ಲಿ ಮೂಲಪ್ರತಿಯನ್ನು ಗಟ್ಟಿಯಾಗಿ ಓದಿ ಹೇಳುವವನೊಬ್ಬ ಇರುತ್ತಿದ್ದ. ಟೈಪ್ ಮಾಡಿದವನು ತನ್ನದನ್ನು ತಾನೇ ಪರೀಕ್ಷಿಸುವಂತಿಲ್ಲ. ಅದನ್ನೇ ಇಲ್ಲಿಗೆ ತಂದೆ. ಹಿಂದಿನ ಚುನಾವಣೆಯ ಪತ್ರಿಕೆ ಹಿಡಿದು ನಾನು ಓದುತ್ತೇನೆ: ಕ್ಷೇತ್ರ, ಅಭ್ಯರ್ಥಿ, ಮತ. ಕುರ್ಚಿಯಲ್ಲಿದ್ದವರು ಟೈಪ್ ಮಾಡಬೇಕು. ನಂತರ ಇನ್ನೊಬ್ಬರು ಪರದೆ ನೋಡಿ ತಿರುಗಿ ಓದಬೇಕು. ನಾನು ಸರಿ ಎಂದರೆ ಮಾತ್ರ ಉಳಿಸಿ ಕಳಿಸಬೇಕು.

ಮೊದಲು ಶಿವಪ್ರಕಾಶ್. ಅಂಕಿಗಳನ್ನು ತಿದ್ದುವ ಭಾಗದಲ್ಲಿ ಅವರು ಮಾಡಿದ್ದನ್ನು ಈಗಲೂ ಕಣ್ಣ ಮುಂದೆ ತಂದುಕೊಳ್ಳಬಲ್ಲೆ. ನಾನು ಕ್ಷೇತ್ರದ ಹೆಸರು ಮುಗಿಸುವಷ್ಟರಲ್ಲಿ ಅವರ ಕರ್ಸರ್ ಆ ಸಾಲಿನಲ್ಲಿರುತ್ತಿತ್ತು. ಅಂಕಿ ಹೇಳಿದೆನೋ ಇಲ್ಲವೋ, ಹಳೆಯದು ಮಾಯ, ಹೊಸದು ಹಾಜರು. ಕೈ ಒಂದು ಅಂಗುಲವೂ ಅಲುಗಾಡಲಿಲ್ಲ. ನಾನು ಓದುವ ವೇಗ ಹೆಚ್ಚಿಸಿದೆ. ಅವರೂ ಹೆಚ್ಚಿಸಿದರು. ಡೆಸ್ಕಿನ ಹುಡುಗರು ಮೇಜು ಬಡಿಯತೊಡಗಿದರು. "ಗುರೂ! ಸಖತ್!" ಜಯಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟರು. ಓದುವವನಿಗೆ ಉಸಿರು ಸಾಲದೆ ಹೋದದ್ದು ನನ್ನ ವೃತ್ತಿಯಲ್ಲಿ ಅದೇ ಮೊದಲು.

ಆಮೇಲೆ ಕನ್ನಡ ಬಂತು. ಅಭ್ಯರ್ಥಿಯೊಬ್ಬರ ಹೆಸರು ತಿದ್ದಬೇಕಿತ್ತು, ಕ್ಷೇತ್ರ ಶ್ರೀರಂಗಪಟ್ಟಣ. ವಿಮ್ ಓಡುತ್ತಿದ್ದ ಆ ಕಪ್ಪು ಪರದೆಗೆ ನಮ್ಮ ಒತ್ತಕ್ಷರಗಳನ್ನು ಕೂಡಿಸಲು ಬರುತ್ತಿರಲಿಲ್ಲ. ಶ್ರೀ ಬಿಡಿಬಿಡಿಯಾಗಿ ನಿಂತಿತ್ತು. ಕರ್ಸರ್ ಒಂದು ಕಡೆ ಕಂಡರೆ ಅಳಿಯುತ್ತಿದ್ದದ್ದು ಇನ್ನೊಂದು ಕಡೆ. ಅದೂ ಅಲ್ಲದೆ, ಕನ್ನಡ ಬರೆಯಲು ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿದ್ದನ್ನು ಮರೆತು ಆಜ್ಞೆ ಕೊಟ್ಟರೆ ವಿಮ್ ಕೇಳುತ್ತಿರಲಿಲ್ಲ. ಅದಕ್ಕೆ ಬೇಕಾದದ್ದು ಇಂಗ್ಲಿಷ್ ಅಕ್ಷರ. ಶಿವಪ್ರಕಾಶ್ ಒತ್ತಿದರು, ಒತ್ತಿದರು, ಹಣೆ ಒರೆಸಿಕೊಂಡರು. ವಿಭೂತಿ ಅಂಗೈಗೆ ಬಂತು.

"ಏನ್ ಶಿವಪ್ರಕಾಶ್, ಇಂಗ್ಲಿಷ್ ಮೀಡಿಯಮ್ಮಾ ನಿಮ್ಮ ಎಡಿಟರು?" ಎಂದರು ಗೌತಮಿ.

ಗೌತಮಿಯವರ ಸರದಿಯಲ್ಲಿ ಆ ತೊಂದರೆ ಇರಲಿಲ್ಲ. ಇಮ್ಯಾಕ್ಸ್ ಒಳಗೇ ಕನ್ನಡದ ಕೀಲಿಮಣೆ ಇತ್ತು. ಒತ್ತಕ್ಷರ ಕೂಡಿಯೇ ಬಂದವು. ಒಂದು ಹೆಸರನ್ನು ಕಡತದ ಎಲ್ಲ ಕಡೆ ಬದಲಿಸಿ ಎಂದಾಗ ಅವರು ಏನು ಒತ್ತಿದರೋ, ನಾನು ಕನ್ನಡಕ ಸರಿಮಾಡಿಕೊಳ್ಳುವುದರಲ್ಲಿ ಆಗಿಹೋಗಿತ್ತು. ಒಟ್ಟಾರೆ ಅವರೇ ಮುಂದಿದ್ದರು. ಸಹನಾ ಕೊನೆಗೆ ಕೂತಳು. ಎಲ್ಲಿಯೂ ತಡವರಿಸಲಿಲ್ಲ, ಎಲ್ಲಿಯೂ ಮಿಂಚಲಿಲ್ಲ. ಮೂವರಲ್ಲಿ ನಿಧಾನ ಅವಳದೇ.

ಚಪ್ಪಾಳೆ ಗೌತಮಿಯವರಿಗೆ ಬಿತ್ತು. ಕಬ್ಬಿನ ಹಾಲಿಗೆ ಸಹನಾ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ನಾನು ನಿಲ್ಲಿಸಿದೆ. ಪಂದ್ಯ ಅರ್ಧ ಮಾತ್ರ ಆಗಿದೆ ಎಂದೆ. ಎಣಿಕೆಯ ದಿನ ಎಲ್ಲರಿಗಿಂತ ವೇಗದವರು ಎಷ್ಟು ವೇಗ ಎಂಬುದು ನನಗೆ ಮುಖ್ಯವಲ್ಲ. ಆ ಕುರ್ಚಿಯಲ್ಲಿ ಯಾರು ಕೂತರೂ ಕೆಲಸ ನಿಲ್ಲಬಾರದು. ಆದ್ದರಿಂದ ಎರಡನೇ ಸುತ್ತಿನಲ್ಲಿ ಪ್ರತಿಯೊಬ್ಬರೂ ಬೇರೆಯವರ ಎಡಿಟರಿನಲ್ಲಿ ಕೂರಬೇಕು.

"ಮೊದ್ಲೇ ಹೇಳ್ಬೇಕಿತ್ತು ಸಾರ್, ಇದು ಮೋಸ," ಎಂದರು ಶಿವಪ್ರಕಾಶ್. ಆದರೂ ಕಣ್ಣು ಹೊಳೆಯುತ್ತಿತ್ತು.

ಮುಂದಿನ ಒಂದು ಗಂಟೆ ನಮ್ಮ ಕಚೇರಿಯಲ್ಲಿ ಆದಷ್ಟು ನಗು ಮತ್ತೆಂದೂ ಆಗಲಿಲ್ಲ. ಶಿವಪ್ರಕಾಶ್ ಇಮ್ಯಾಕ್ಸ್‌ನಲ್ಲಿ ಯಾವುದೋ ಆಜ್ಞೆ ಒತ್ತಿ ಪರದೆಯನ್ನು ನಾಲ್ಕು ಭಾಗ ಮಾಡಿ, ಯಾವ ಭಾಗದಲ್ಲಿ ತಾವಿದ್ದೇವೆಂದು ತಿಳಿಯದೆ ಕೂತರು. ಸಹನಾ ವಿಮ್‌ಗೆ ಹೋಗಿ ಅಲ್ಲಿಯೇ ಸಿಕ್ಕಿಕೊಂಡಳು. ಏನು ಒತ್ತಿದರೂ ಕಿಟಕಿ ಮುಚ್ಚಲಿಲ್ಲ.

"ಸಾರ್, ಆಚೆ ಬರೋದು ಹೆಂಗೆ?"

"ಯಾಕಮ್ಮಾ ಬರ್ಬೇಕು?" ಎಂದರು ಶಿವಪ್ರಕಾಶ್. "ನಾನು ಕಾಲೇಜಲ್ಲಿ ಒಳಗೋದೋನು. ಆರಾಮಾಗಿದೀನಿ."

ಸಹನಾಳ ಎಡಿಟರಿನಲ್ಲಿ ಮಾತ್ರ ಇಬ್ಬರೂ ಕೂತು ಕೆಲಸ ಮುಗಿಸಿದರು. ಗೊಣಗಿದರು, ಮೌಸ್ ಮುಟ್ಟಬೇಕಾದಾಗಲೆಲ್ಲ ಮುಖ ಕಿವುಚಿದರು, ಆದರೆ ಮುಗಿಸಿದರು. ನಾನು ತೀರ್ಪು ಓದಿದೆ: ಮೂರನೇ ಕಂಪ್ಯೂಟರಿಗೆ ವಿಎಸ್ ಕೋಡ್. ಗೌತಮಿ ಭುಜ ಕುಣಿಸಿದರು. ಶಿವಪ್ರಕಾಶ್ ಎದ್ದು ಹೋಗಿ ಎಲ್ಲರಿಗೂ ಕಬ್ಬಿನ ಹಾಲು ತಂದರು. ಜಯಮ್ಮನವರ ಲೋಟ ಕೆಳಗೆ ತಲುಪಿಸಿದವರೂ ಅವರೇ.

ವಿಶ್ವನಾಥ್ ಅವರಿಗೆ ತೋರಿಸಬೇಕಿದ್ದ ಅಣಕು ಎಣಿಕೆ ಏಪ್ರಿಲ್ ಮೂರನೇ ವಾರದಲ್ಲಿ ನಡೆಯಿತು. ನಾನು ಓದಿದೆ, ಮೂವರು ಸರದಿಯಲ್ಲಿ ಕೂತರು, ತಿರುಗಿ ಓದಿದರು, ಕಳಿಸಿದರು. ನಕ್ಷೆ ಬೀದರಿನಿಂದ ಬಣ್ಣ ತುಂಬುತ್ತ ದಕ್ಷಿಣಕ್ಕೆ ಇಳಿಯಿತು. ವಿಶ್ವನಾಥ್ ತಮ್ಮ ಮೊಬೈಲಿನಲ್ಲಿ ಪುಟ ನೋಡುತ್ತ ಕುರ್ಚಿಯ ತುದಿಗೆ ಬಂದಿದ್ದರು. "ಓ, ಬಂತು, ಬಂತು" ಎನ್ನುತ್ತಿದ್ದರು. ಇನ್ನು ಕೆಲವೇ ಕ್ಷೇತ್ರಗಳು ಬಾಕಿ ಇದ್ದಾಗ ಅವರು ಮೊಬೈಲನ್ನು ಕಣ್ಣಿನ ಹತ್ತಿರ ತಂದರು.

"ಏನ್ರೀ ಇದು, ಡಬ್ಲ್ಯೂಕ್ಯೂ? ಹೊಸ ಪಕ್ಷಾನಾ?"

ಗೆದ್ದ ಅಭ್ಯರ್ಥಿಯೊಬ್ಬರ ಹೆಸರಿನ ಮುಂದೆ `:wq` ಎಂದಿತ್ತು.

ಕುರ್ಚಿಯಲ್ಲಿದ್ದವರು ಶಿವಪ್ರಕಾಶ್. ಅವರ ತಲೆ ಹೊಸ ಎಡಿಟರಿಗೆ ಬಂದಿತ್ತು, ಬೆರಳುಗಳು ವಿಮ್‌ನಲ್ಲೇ ಉಳಿದಿದ್ದವು. ಸಾಲು ಮುಗಿಸಿ ಕೀಲಿಮಣೆಯನ್ನು ಇಂಗ್ಲಿಷಿಗೆ ತಿರುಗಿಸಿದ ಕೂಡಲೇ ಬೆರಳು ತಾನಾಗಿ ಕೋಲನ್, ಡಬ್ಲ್ಯೂ, ಕ್ಯೂ ಒತ್ತಿತ್ತು. ವಿಮ್‌ನಲ್ಲಿ ಅದು ಆಜ್ಞೆ. ಇಲ್ಲಿ ಅದು ಬರಿಯ ಅಕ್ಷರ. ಹೆಸರಿನ ಪಕ್ಕದಲ್ಲಿ ಹೋಗಿ ಕೂತಿತು. ಅವರು ಎಚ್ಚೆತ್ತು ಉಳಿಸುವ ಸರಿಯಾದ ಕೀಲಿ ಒತ್ತಿದರು, ಅಳಿಸಲು ಮರೆತರು. ನನ್ನ ಓದುವ ವ್ಯವಸ್ಥೆಗೂ ಇದು ಸಿಗಲಿಲ್ಲ. ನಾವು ತಿರುಗಿ ಓದುತ್ತಿದ್ದದ್ದು ಉಳಿಸುವ ಮೊದಲು. ಈ ತಪ್ಪು ಹುಟ್ಟಿದ್ದು ಉಳಿಸುವ ಗಳಿಗೆಯಲ್ಲೇ.

ವಿಶ್ವನಾಥ್ ಮೊಬೈಲ್ ಜೇಬಿಗಿಟ್ಟರು. "ಸೋಮವಾರ ಹೊರಗಿನವ್ರಿಗೆ ಹೇಳ್ಬಿಡ್ತೀನಿ. ಬೇಜಾರ್ ಮಾಡ್ಕೋಬೇಡಿ," ಎಂದು ಸಹನಾಳ ಕಡೆ ನೋಡದೆ ಹೊರಟರು.

ಶಿವಪ್ರಕಾಶ್ ಸಹನಾಳ ಎದುರು ನಿಂತರು. "ನಂದು ಕಣಮ್ಮಾ ತಪ್ಪು. ನಾನೇ ಹೋಗಿ ಹೇಳ್ತೀನಿ ಅವ್ರಿಗೆ. ಎಣಿಕೆ ದಿನ ನಾನು ಆ ಕುರ್ಚಿ ಮುಟ್ಟಲ್ಲ."

"ನೀವು ಕೂರ್ಲಿಲ್ಲಾಂದ್ರೆ ಇಬ್ರೇ ಆಗ್ತೀವಿ ಸಾರ್. ಆಗಲ್ಲ," ಎಂದಳು ಸಹನಾ. ಅವಳು ಅಳುತ್ತಿರಲಿಲ್ಲ. `:wq` ಇದ್ದ ಸಾಲನ್ನೇ ನೋಡುತ್ತಿದ್ದಳು. "ಸಾರ್, ಈ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ ಯಾವತ್ತಾದ್ರೂ ಬರತ್ತಾ?" ಎಂದು ನನ್ನನ್ನು ಕೇಳಿದಳು.

ನಾನು ಯೋಚಿಸಿದೆ. ನಮ್ಮ ಶೈಲಿಯ ಪ್ರಕಾರ ಇನಿಷಿಯಲ್ಲುಗಳನ್ನೂ ಕನ್ನಡದಲ್ಲೇ ಬರೆಯುತ್ತೇವೆ. "ಬರಲ್ಲ," ಎಂದೆ.

"ಕೋಲನ್ನು?"

"ಅದೂ ಬರಲ್ಲ."

"ಅಂಕಿ ಜಾಗದಲ್ಲಿ ಅಂಕಿ ಬಿಟ್ಟು ಬೇರೆ?"

"ಇಲ್ಲ."

ಗೌತಮಿ ಅಷ್ಟರಲ್ಲಿ ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತಿದ್ದರು. "ಗೇಟ್ ಹಾಕ್ತೀಯಾ?" ಎಂದರು. "ಹಾಕು, ಹಾಕು. ಸಖತ್ತಾಗಿರತ್ತೆ."

ಭಾನುವಾರ ಮೂವರೂ ಬಂದರು. ನಾನೂ ಹೋದೆ, ನನಗೆ ಅಲ್ಲಿ ಕೆಲಸವಿರಲಿಲ್ಲ. ಮಧ್ಯಾಹ್ನ ಗುಡುಗಿ, ಆಲಿಕಲ್ಲು ಬಿದ್ದು, ಕರೆಂಟ್ ಹೋಗಿ ಬಂತು. ಸಹನಾ ಬರೆದಳು, ತನ್ನ ಎಡಿಟರಿನಲ್ಲಿ. ಗೌತಮಿ ಪರೀಕ್ಷಿಸಿದರು, ತಮ್ಮದರಲ್ಲಿ. ಶಿವಪ್ರಕಾಶ್ ತಮ್ಮ ಬೆರಳುಗಳು ಮಾಡಬಹುದಾದ ಇನ್ನಿತರ ಅಪರಾಧಗಳನ್ನು ನೆನಪು ಮಾಡಿಕೊಂಡು, ವಿಮ್‌ನಲ್ಲಿ ಪಟ್ಟಿ ಮಾಡಿ, ಒಂದೊಂದಾಗಿ ಹೇಳಿದರು. ಎಲ್ಲವೂ ಸೇರಿದವು. ಆ ದಿನ ಮೂರು ಎಡಿಟರುಗಳು ಒಂದೇ ಕೆಲಸಕ್ಕೆ ಓಡುತ್ತಿದ್ದವು, ಯಾರೂ ಯಾರದನ್ನೂ ಅಳಿಸಲಿಲ್ಲ.

ಅವಳು ಮಾಡಿದ್ದು ಇಷ್ಟು: ಯಾವ ಎಡಿಟರಿನಿಂದ ಬಂದರೂ ಸರಿ, ಕಡತ ಹೊರಗೆ ಹೋಗುವ ಮುನ್ನ ಒಂದು ತಡೆ. ಹೆಸರಿನ ಜಾಗದಲ್ಲಿ ಕನ್ನಡವಲ್ಲದ ಒಂದು ಅಕ್ಷರ ಇದ್ದರೂ, ಮತದ ಜಾಗದಲ್ಲಿ ಅಂಕಿಯಲ್ಲದ ಒಂದು ಗುರುತು ಇದ್ದರೂ, ಒಂದು ಸುತ್ತಿಗಿಂತ ಮುಂದಿನ ಸುತ್ತಿನಲ್ಲಿ ಮತ ಕಡಿಮೆಯಾದರೂ, ಕ್ಷೇತ್ರದ ಸಾಲು ಕಾಣೆಯಾದರೂ ಅಥವಾ ಎರಡು ಸಲ ಬಂದರೂ ಕಡತ ಹೋಗುವುದಿಲ್ಲ. ಠಣ್ ಎಂದು ಗಂಟೆ ಬಾರಿಸುತ್ತದೆ, ತಪ್ಪಿರುವ ಸಾಲು ಕೆಂಪಾಗುತ್ತದೆ. ಗಂಟೆಯ ಸದ್ದನ್ನು ಆರಿಸಿದ್ದು ಶಿವಪ್ರಕಾಶ್. ಶಾಲೆ ಬಿಡುವ ಗಂಟೆ.

ಸೋಮವಾರ ಬೆಳಿಗ್ಗೆ ವಿಶ್ವನಾಥ್ ಫೋನ್ ಕೈಗೆತ್ತಿಕೊಳ್ಳುವ ಮೊದಲು ನಾನು ಅವರ ಕೋಣೆಗೆ ಹೋದೆ. ವಾದ ಮಾಡಲಿಲ್ಲ. "ಸಾರ್, ಮೂರನೇ ಕಂಪ್ಯೂಟರಿನ ಮುಂದೆ ನೀವೇ ಕೂತ್ಕೊಳಿ. ಒಂದು ತಪ್ಪು ಕಳ್ಸಿ ತೋರಿಸಿ. ಹೋದ್ರೆ ಹೊರಗಿನವರಿಗೆ ಫೋನ್ ಮಾಡಿ," ಎಂದೆ.

ಅವರು ಬಂದು ಕೂತರು. ಒಂದು ಹೆಸರಿನ ಪಕ್ಕ `:wq` ಎಂದು ಟೈಪ್ ಮಾಡಿ ಕಳಿಸಿದರು. ಠಣ್. ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರು. ಠಣ್. ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರ ಒತ್ತಿದರು. ಠಣ್. "ಅಲ್ಲಲ್ಲ, ಇರಿ ಇರಿ," ಎಂದು ಕೋಟು ಕಳಚಿ ಕುರ್ಚಿಗೆ ಹಾಕಿದರು. ಅಭ್ಯರ್ಥಿಯ ಮತ ಇಳಿಸಿದರು, ಇಡೀ ಸಾಲನ್ನೇ ಅಳಿಸಿದರು, ಒಂದೇ ಕ್ಷೇತ್ರವನ್ನು ಎರಡು ಸಲ ಹಾಕಿದರು. ಠಣ್, ಠಣ್, ಠಣ್. ಡೆಸ್ಕಿನವರು ಪ್ರತಿ ಗಂಟೆಗೂ ಹೋ ಎನ್ನುತ್ತಿದ್ದರು. ಹಲ್ಲಿನ ಡಾಕ್ಟರ ಕಾಂಪೌಂಡರ್ ಮೇಲೆ ಬಂದು ಬಗ್ಗಿ ನೋಡಿ ಹೋದ. ವಿಶ್ವನಾಥ್ ಅವರ ಕೂದಲು ಕೆದರಿತ್ತು. ಅವರು ಅಷ್ಟು ಖುಷಿಯಾಗಿದ್ದನ್ನು ನಾವ್ಯಾರೂ ನೋಡಿರಲಿಲ್ಲ. "ಇನ್ನೊಂದ್ಸಲ, ಇನ್ನೊಂದೇ ಒಂದ್ಸಲ" ಎನ್ನುತ್ತಿದ್ದರು.

ಕೊನೆಗೆ ಒಂದು ದಾರಿ ಕಂಡುಹಿಡಿದರು. ಗೆದ್ದವರ ಮತ್ತು ಸೋತವರ ಹೆಸರನ್ನು ಅದಲುಬದಲು ಮಾಡಿ ಕಳಿಸಿದರು. ಗಂಟೆ ಬಾರಿಸಲಿಲ್ಲ. ಕಡತ ಹೋಯಿತು.

"ನೋಡಿ!" ಎಂದು ಎದ್ದು ನಿಂತರು. "ಇದು ಸಿಗ್ಲಿಲ್ಲ. ಇದಕ್ಕೇನ್ ಮಾಡ್ತೀರಿ?"

ಸಹನಾ ನನ್ನ ಕಡೆ ತಿರುಗಿದಳು.

"ಅದಕ್ಕೆ ನಾನಿದೀನಿ ಸಾರ್, ಗಟ್ಟಿಯಾಗಿ ಓದಕ್ಕೆ," ಎಂದೆ. "ಅದು ಉಳಿಸೋ ಮೊದ್ಲು ಸಿಗೋ ತಪ್ಪು. ಉಳಿಸಿದ ಮೇಲಿನದು ಅವಳ ಗೇಟಿಗೆ."

ವಿಶ್ವನಾಥ್ ಕೋಟು ಹಾಕಿಕೊಂಡರು. ಬಾಗಿಲವರೆಗೆ ಹೋಗಿ ತಿರುಗಿದರು. "ಏನಮ್ಮಾ ಸಹನಾ, ಹದಿಮೂರನೇ ತಾರೀಖು ಬೆಳಿಗ್ಗೆ ಬಿಟಿಎಮ್ಮಿಂದ ಬೇಗ ಬರ್ತೀಯಲ್ಲ? ಲೇಟ್ ಮಾಡ್ಬೇಡ."

ಅವಳು ಉತ್ತರ ಕೊಡುವ ಮೊದಲು ಶಿವಪ್ರಕಾಶ್ ಹೇಳಿದರು: "ನಾನೇ ಕರ್ಕೊಂಡ್ ಬರ್ತೀನಿ ಸಾರ್, ಬೈಕಲ್ಲಿ."

ವಸಂತಪುರದಿಂದ ಬಿಟಿಎಂಗೆ ಸುತ್ತಿ ಜಯನಗರಕ್ಕೆ ಬರುವುದು ದಾರಿಯೇ ಅಲ್ಲ. ಆದರೂ ಕರೆತಂದರು.

ಎಣಿಕೆಯ ದಿನದ್ದನ್ನು ಹೆಚ್ಚು ಬರೆಯಬೇಕಾಗಿಲ್ಲ, ಪುಟವೇ ದಾಖಲೆ. ಬೆಳಿಗ್ಗೆ ಶುರುವಾದ ನನ್ನ ಓದು ಮಧ್ಯಾಹ್ನಕ್ಕೆ ದನಿ ಕಟ್ಟಿಸಿತು. ಜಯಮ್ಮ ಬಿಸಿನೀರು ಕಳಿಸುತ್ತಿದ್ದರು. ಮೂವರೂ ಸರದಿಯ ಮೇಲೆ ಕೂತರು. ಗಂಟೆ ಆಗಾಗ ಬಾರಿಸಿತು, ಹೆಚ್ಚಾಗಿ ಶಿವಪ್ರಕಾಶ್ ಅವರ ಸರದಿಯಲ್ಲಿ. ಪ್ರತಿ ಸಲ ಗೌತಮಿ "ಸ್ಕೂಲ್ ಬಿಡ್ತು" ಎನ್ನುತ್ತಿದ್ದರು. ಸಂಜೆಗೆ ನಕ್ಷೆ ತುಂಬಿತು, ಒಂದು ಚುಕ್ಕೆ ಬಿಟ್ಟು. ಅದು ನಾವು ಕೂತಿದ್ದ ಜಯನಗರವೇ. ಅಲ್ಲಿ ಮತ್ತೆ ಎಣಿಕೆ ನಡೆಯುತ್ತಿತ್ತು. ಎಣಿಕೆ ಕೇಂದ್ರ ನಮ್ಮ ಕಚೇರಿಗೆ ಕೂಗಳತೆ ದೂರ. ಜನರ ಗಲಾಟೆ ಕಿಟಕಿಯಿಂದ ಕೇಳುತ್ತಿತ್ತು. ನಾವು ಕಾದೆವು. ಕೊನೆಗೆ ಬಂದ ಅಂತರ ಹದಿನಾರು ಮತ. ನಾನು ಓದಿದೆ, ಶಿವಪ್ರಕಾಶ್ ಟೈಪ್ ಮಾಡಿದರು, ಸಹನಾ ತಿರುಗಿ ಓದಿದಳು. ಶಿವಪ್ರಕಾಶ್ ಎರಡೂ ಕೈಯನ್ನು ಕೀಲಿಮಣೆಯಿಂದ ಎತ್ತಿ ಎಲ್ಲರಿಗೂ ತೋರಿಸಿ, ಒಂದೇ ಬೆರಳಿನಿಂದ ಕಳಿಸಿದರು. ಗಂಟೆ ಬಾರಿಸಲಿಲ್ಲ.

ಸಹನಾಳ ಕೆಲಸ ಅದೇ ತಿಂಗಳು ಕಾಯಂ ಆಯಿತು. ಮರುವರ್ಷ ನಾನು ನಿವೃತ್ತನಾದೆ.

ಕಳೆದ ಶುಕ್ರವಾರ ಸೀರೆಗಳನ್ನು ಜಯಮ್ಮನವರಿಗೆ ಕೊಟ್ಟು ಮೇಲೆ ಹತ್ತಿದೆ. ಗೌತಮಿ ಕಣ್ಣೆತ್ತದೆ ಕೈ ಬೀಸಿದರು. ಪರದೆ ನಾಲ್ಕು ಭಾಗವಾಗಿತ್ತು. ತಂಡಕ್ಕೆ ಈಗ ಸಹನಾ ಮುಖ್ಯಸ್ಥೆ. ಮೂರನೇ ಕಂಪ್ಯೂಟರ್ ಹೊಸದು, ಜಾಗವೂ ಎಡಿಟರೂ ಅದೇ. ನಾನು ಕುರ್ಚಿ ಎಳೆದುಕೊಳ್ಳುತ್ತಿದ್ದಾಗ ಗಂಟೆ ಬಾರಿಸಿತು. ಅಭ್ಯಾಸಬಲದಿಂದ ಶಿವಪ್ರಕಾಶ್ ಎಲ್ಲಿದ್ದಾರೆ ಎಂದು ನೋಡಿದೆ. ಅವರು ಕಿಟಕಿಯ ಹತ್ತಿರ ಟೀ ಹಿಡಿದು ನಿಂತಿದ್ದರು.

"ನಾನಲ್ಲ ಸಾರ್," ಎಂದರು. "ಹೋದ ಮಳೆಗಾಲದಿಂದ ಅವ್ಳಿಗೆ ವಿಮ್ ಕಲಿಸ್ತಿದೀನಿ. ತನ್ನ ಕಂಪ್ಯೂಟರಲ್ಲಿ ಈಗ ಅದೇ."

ಮೂರನೇ ಕಂಪ್ಯೂಟರಿನ ಮುಂದೆ ಸಹನಾ ಕೂತಿದ್ದಳು. ಕೆಂಪಾದ ಸಾಲಿನಿಂದ ಒಂದು ಕೋಲನ್, ಎರಡು ಅಕ್ಷರ ಅಳಿಸಿ ಮತ್ತೆ ಒತ್ತಿದಳು. ಪುಟ ಹೋಯಿತು.